ಬಿರುಕಿಗೆ ಸಗಣಿ, ಬಿರುಕಿಗೆ ಡಾಂಬರು

ಸಂಕ್ರಾಂತಿ ಹತ್ತಿರವಾಗುತ್ತಿದ್ದಂತೆ ಗುಬ್ಬಿ ತಾಲ್ಲೂಕಿನ ಹಳ್ಳಿ ರಸ್ತೆಗಳ ಮೇಲೆ ರೈತರ ಹಕ್ಕು ಸ್ಥಾಪನೆಯಾಗುತ್ತದೆ. ಬೆಳಗಿನ ಮಂಜು ಕರಗುವ ಹೊತ್ತಿಗೆ ಹೆಂಗಸರು ಡಾಂಬರು ರಸ್ತೆಯ ಅರ್ಧವನ್ನು ಪೊರಕೆಯಿಂದ ಗುಡಿಸಿ, ರಾಗಿಯನ್ನೋ ಹುರುಳಿಯನ್ನೋ ಉದ್ದಕ್ಕೆ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳ ಚಕ್ರ ಹಾದಂತೆಲ್ಲ ಕಾಳು ಉದುರುತ್ತದೆ. ಮಧ್ಯಾಹ್ನ ಹುಲ್ಲು ಎತ್ತಿ, ಕಾಳನ್ನು ಗುಡ್ಡೆ ಮಾಡಿ, ಗಾಳಿ ಬಂದಾಗ ತೂರಿ ಮನೆಗೆ ಸಾಗಿಸುತ್ತಾರೆ. ಎತ್ತು ಬೇಡ, ಕಣ ಬೇಡ, ಒಕ್ಕಣೆಯ ಕೂಲಿಯೂ ಇಲ್ಲ. ದ್ವಿಚಕ್ರ ವಾಹನ ಜಾರಿ ಬೀಳುತ್ತದೆ, ಹುರುಳಿ ಬಳ್ಳಿ ಚಕ್ರಕ್ಕೆ ಸುತ್ತಿಕೊಂಡು ಬೆಂಕಿ ಹತ್ತುತ್ತದೆ ಎಂದು ಪೊಲೀಸರು ವರ್ಷವರ್ಷವೂ ಎಚ್ಚರಿಸುತ್ತಾರೆ. ಒಕ್ಕಣೆಯೂ ವರ್ಷವರ್ಷ ನಡೆದೇ ಇದೆ.

ಆದರೆ ಡಾಂಬರು ರಸ್ತೆ ಅಂಥ ಒಳ್ಳೆಯ ಕಣವೇನೂ ಅಲ್ಲ. ಅದು ಬಿರುಕು ಬಿಟ್ಟಲ್ಲಿ ರಾಗಿ ಒಳಗಿಳಿದು ಹೋಗುತ್ತದೆ. ಹೋದ ಕಾಳು ಹಿಡಿಯಷ್ಟಿರಬಹುದು, ರೈತರು ಅದನ್ನು ಹೆಚ್ಚಾಗಿ ಲೆಕ್ಕಕ್ಕಿಡುವುದಿಲ್ಲ. ಲೆಕ್ಕಕ್ಕಿಡಬೇಕಾದ್ದು ಬೇರೆ. ರಾಗಿ ಇಳಿಯುವ ಸಂದಿನಲ್ಲಿ ನೀರು ಇನ್ನೂ ಸಲೀಸಾಗಿ ಇಳಿಯುತ್ತದೆ. ರಸ್ತೆ ಕೆಡುವುದು ಅಲ್ಲಿಂದಲೇ.

ಕಣ ಮಾಡುವ ವಿದ್ಯೆ

ಈ ಸಂಗತಿ ಹಳೆಯ ರೈತರಿಗೆ ಹೊಸತಲ್ಲ. ಡಾಂಬರು ರಸ್ತೆ ಬರುವ ಮುನ್ನ ಪ್ರತಿ ಸುಗ್ಗಿಗೂ ಊರಿನ ಹೊರಗೆ ಕಣ ಸಿದ್ಧವಾಗುತ್ತಿತ್ತು. ಎತ್ತರದ, ನೀರು ನಿಲ್ಲದ ಜಾಗ ಹುಡುಕಿ, ಹುಲ್ಲು ಕೆತ್ತಿ, ನೀರು ಚಿಮುಕಿಸಿ, ಮಣ್ಣು ಹದವಾಗಿ ಒಣಗುವಾಗ ದನಗಳನ್ನು ತುಳಿಸಿ ಇಲ್ಲವೆ ಗುಂಡು ಉರುಳಿಸಿ ಗಟ್ಟಿ ಮಾಡುತ್ತಿದ್ದರು. ಒಣಗಿದ ಮೇಲೆ ನೆಲ ಕೂದಲೆಳೆಯಂತೆ ಸೀಳುತ್ತಿತ್ತು. ಆಗ ಸಗಣಿ ಬಗ್ಗಡವನ್ನು ಮೇಲೆ ಸುರಿದು ಪೊರಕೆಯಲ್ಲಿ ಎಳೆದು ಸಾರಿಸುತ್ತಿದ್ದರು. ಬಗ್ಗಡದ ನೀರು ಬಿರುಕಿನೊಳಗೆ ಇಳಿದು ಸಗಣಿಯ ನಾರನ್ನು ಅಲ್ಲಿ ಬಿಟ್ಟು ಒಣಗುತ್ತಿತ್ತು. ಮತ್ತೆ ಬಿರುಕು ಕಂಡರೆ ಮತ್ತೆ ಬಗ್ಗಡ. ಒಕ್ಕಣೆ ಮುಗಿಯುವವರೆಗೆ ಎರಡು ಮೂರು ಬಾರಿಯಾದರೂ ಈ ಕೆಲಸ ಇರುತ್ತಿತ್ತು. ಅಂಗಳ ಸಾರಿಸುವುದರ ಹಿಂದೆಯೂ ಇದೇ ತರ್ಕ.

ಇಂದಿನ ರಸ್ತೆ ಎಂಜಿನಿಯರುಗಳು ‘ಸ್ಲರಿ ಸೀಲ್’ ಎಂದು ಕರೆಯುವ ಕೆಲಸವೊಂದಿದೆ. ಡಾಂಬರು, ನೀರು, ಸಣ್ಣ ಕಲ್ಲುಪುಡಿ ಕಲೆಸಿದ ತೆಳು ಬಗ್ಗಡವನ್ನು ಸಣ್ಣ ಬಿರುಕುಗಳಿರುವ ರಸ್ತೆಯ ಮೇಲೆ ಎಳೆದು ಒಣಗಿಸುವುದು. ಸಗಣಿಯ ಜಾಗದಲ್ಲಿ ಡಾಂಬರು ಬಂದಿದೆ ಎನ್ನುವುದು ಬಿಟ್ಟರೆ ಕಣ ಸಾರಿಸಿದ ಅಜ್ಜಿಗೆ ಇದನ್ನು ಹೇಳಿಕೊಡಬೇಕಾದ ಅಗತ್ಯ ಬೀಳಲಾರದು.

ಹೇರೆತ್ತಿನ ದಾರಿ

ಗುಬ್ಬಿ ಎಂದೊಡನೆ ನಾಡಿನ ಜನರಿಗೆ ಮೊದಲು ನೆನಪಾಗುವುದು ವೀರಣ್ಣನವರ ನಾಟಕ ಕಂಪೆನಿ. ಅದಕ್ಕೂ ಮೊದಲು ಈ ಊರಿಗೆ ಇದ್ದ ಹೆಸರು ವ್ಯಾಪಾರದ್ದು. 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಗುಬ್ಬಿಯ ಸಂತೆಯನ್ನೂ ಅಡಿಕೆ, ತೆಂಗಿನ ವ್ಯಾಪಾರವನ್ನೂ ಕುರಿತು ಬರೆದಿದ್ದಾನೆ. ಆಗ ಸರಕು ಸಾಗುತ್ತಿದ್ದುದು ಹೆಚ್ಚಾಗಿ ಹೇರೆತ್ತಿನ ಬೆನ್ನಿನ ಮೇಲೆ. ಹೇರೆತ್ತಿಗೆ ದಾರಿ ಸಾಕು, ರಸ್ತೆ ಬೇಕಿಲ್ಲ. ಮಳೆಗಾಲದಲ್ಲಿ ದಾರಿ ಕೆಸರಾದರೆ ಪಕ್ಕದ ಹೊಲದ ಬದುವಿನ ಮೇಲೆ ಹೋದರಾಯಿತು.

ರಸ್ತೆ ಬೇಕಾದದ್ದು ಗಾಡಿಗೆ. ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, ಅದರಲ್ಲೂ 1834ರಿಂದ 1861ರವರೆಗೆ ಅಧಿಕಾರದಲ್ಲಿದ್ದ ಮಾರ್ಕ್ ಕಬ್ಬನ್ ಕಾಲದಲ್ಲಿ, ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಮೀರಿ ಸೇತುವೆಗಳು ಆದವೆಂದು ದಾಖಲೆಗಳು ಹೇಳುತ್ತವೆ. 1856ರಲ್ಲಿ ಲೋಕೋಪಯೋಗಿ ಇಲಾಖೆ ಹುಟ್ಟಿತು. ಬೆಂಗಳೂರಿನಿಂದ ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಶಿವಮೊಗ್ಗಗಳ ಮೇಲೆ ಹಾದು ಘಟ್ಟ ಇಳಿದು ಹೊನ್ನಾವರದ ಕಡಲು ಮುಟ್ಟುವ ದಾರಿ ‘ಬೆಂಗಳೂರು–ಹೊನ್ನಾವರ ರಸ್ತೆ’ ಎನಿಸಿತು. ಮುಂದೆ ಇದರ ತುಮಕೂರು–ಹೊನ್ನಾವರ ಭಾಗಕ್ಕೆ ರಾಷ್ಟ್ರೀಯ ಹೆದ್ದಾರಿ 206 ಎಂಬ ಸಂಖ್ಯೆ ಬಂತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಬಿ.ಎಚ್. ರಸ್ತೆ. ತುಮಕೂರಿನಲ್ಲಿ, ಗುಬ್ಬಿಯಲ್ಲಿ, ಶಿವಮೊಗ್ಗದಲ್ಲಿ ಅಂಗಡಿ ಬೋರ್ಡುಗಳ ಮೇಲೆ ಈ ಎರಡಕ್ಷರ ಇಂದಿಗೂ ಇದೆ. ಅದರಲ್ಲಿ ಎರಡನೆಯದು ಹೊನ್ನಾವರ ಎಂಬುದನ್ನು ಅಂಗಡಿಯವರೂ ಮರೆತಿರುವುದುಂಟು!

ಆ ಕಾಲದ ರಸ್ತೆ ಎಂದರೆ ಜಲ್ಲಿ ರಸ್ತೆ. ಅದರ ಸೂತ್ರ ಕೊಟ್ಟವನು ಸ್ಕಾಟ್ಲೆಂಡಿನ ಜಾನ್ ಲೌಡನ್ ಮೆಕಾಡಮ್. 1816ರಲ್ಲಿ ಬ್ರಿಸ್ಟಲ್ ರಸ್ತೆಗಳ ಉಸ್ತುವಾರಿ ವಹಿಸಿಕೊಂಡ ಈತ, ದೊಡ್ಡ ಬಂಡೆಗಳ ಅಡಿಪಾಯ ಬೇಕಿಲ್ಲ, ಆರು ಔನ್ಸ್ ಅಂದರೆ ಸುಮಾರು 170 ಗ್ರಾಂ ಮೀರದ ಒಡೆದ ಕಲ್ಲು ಸಾಕು ಎಂದು ವಾದಿಸಿದ. ಭಾರ ಹೊರುವುದು ಕಲ್ಲಲ್ಲ, ಕೆಳಗಿನ ನೆಲ. ಆ ನೆಲ ಒಣಗಿರುವಷ್ಟು ಕಾಲ ಎಷ್ಟು ಭಾರವನ್ನಾದರೂ ಹೊರುತ್ತದೆ, ನೆಂದರೆ ಹೊರುವುದಿಲ್ಲ ಎಂಬುದು ಅವನ ಮಾತಿನ ತಿರುಳು. ಆದ್ದರಿಂದ ರಸ್ತೆ ನೆಲಮಟ್ಟಕ್ಕಿಂತ ಎತ್ತರವಿರಬೇಕು, ನಡು ಉಬ್ಬಿ ಎರಡೂ ಕಡೆ ಇಳಿಜಾರಿರಬೇಕು, ಬದಿಯಲ್ಲಿ ಚರಂಡಿ ಇರಬೇಕು. ಇನ್ನೂರು ವರ್ಷ ಕಳೆದರೂ ಈ ಮಾತು ಸುಳ್ಳಾಗಿಲ್ಲ.

ನಮ್ಮಲ್ಲಿ ಆ ಜಲ್ಲಿ ಒಡೆದ ಕೈಗಳು ಬಹುಪಾಲು ಭೋವಿ ಸಮುದಾಯದವು. ರಸ್ತೆ ಬದಿಯ ಮರದ ನೆರಳಲ್ಲಿ ಗಂಡಸರು, ಹೆಂಗಸರು ಸಣ್ಣ ಸುತ್ತಿಗೆ ಹಿಡಿದು ದಿನವಿಡೀ ಕಲ್ಲು ಕುಟ್ಟುತ್ತಿದ್ದ ನೋಟ ಕ್ರಷರ್ ಯಂತ್ರಗಳು ಬರುವವರೆಗೂ ಕಾಣುತ್ತಿತ್ತು. ರಸ್ತೆ ಕಟ್ಟಿಸಿದ ಅಧಿಕಾರಿಗಳ ಹೆಸರು ಇತಿಹಾಸದಲ್ಲಿದೆ, ಕಲ್ಲು ಒಡೆದವರದು ಇಲ್ಲ.

ಧೂಳಿನಿಂದ ಡಾಂಬರಿಗೆ

ಎತ್ತಿನ ಗಾಡಿಗೂ ಜಲ್ಲಿ ರಸ್ತೆಗೂ ಒಂದು ಹೊಂದಾಣಿಕೆ ಇತ್ತು. ಗಾಡಿಯ ಕಬ್ಬಿಣದ ಪಟ್ಟಾ ಕಲ್ಲನ್ನು ಸವೆಸಿ ಪುಡಿ ಮಾಡುತ್ತಿತ್ತು, ಆ ಪುಡಿ ಮಳೆನೀರಿನೊಂದಿಗೆ ಸಂದುಗಳಿಗೆ ಇಳಿದು ಜಲ್ಲಿಯನ್ನು ಬಿಗಿಹಿಡಿಯುತ್ತಿತ್ತು. ಮೋಟಾರು ಬಂದು ಈ ಹೊಂದಾಣಿಕೆ ಕೆಡಿಸಿತು. ವೇಗವಾಗಿ ಉರುಳುವ ರಬ್ಬರು ಚಕ್ರ ಪುಡಿಯನ್ನು ಹೀರಿ ಎಬ್ಬಿಸಿ ಗಾಳಿಗೆ ತೂರಿತು. ಜಲ್ಲಿ ಸಡಿಲವಾಯಿತು, ಊರೆಲ್ಲ ಧೂಳಾಯಿತು. ಯುರೋಪಿನಲ್ಲಿ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಧೂಳು ಒಂದು ಸಾರ್ವಜನಿಕ ಪಿಡುಗೇ ಆಗಿತ್ತು. 1902ರಲ್ಲಿ ಮೊನಾಕೊದಲ್ಲಿ ಗುಗ್ಲಿಯೆಲ್ಮಿನೆಟ್ಟಿ ಎಂಬ ವೈದ್ಯ ರಸ್ತೆಗೆ ಬಿಸಿ ಟಾರು ಬಳಿಸಿ ಧೂಳು ಅಡಗಿಸಿ ತೋರಿಸಿದ. ಜನ ಅವನಿಗೆ ‘ಟಾರು ಡಾಕ್ಟರ್’ ಎಂದೇ ಹೆಸರಿಟ್ಟರು. ಅದೇ ಹೊತ್ತಿಗೆ ಇಂಗ್ಲೆಂಡಿನ ಎಡ್ಗರ್ ಹೂಲಿ ಎಂಬ ಸರ್ವೇಯರ್, ಪೀಪಾಯಿಯಿಂದ ಸೋರಿದ ಟಾರಿನ ಮೇಲೆ ಕಬ್ಬಿಣದ ಕುಲುಮೆಯ ಕಿಟ್ಟ ಸುರಿದಿದ್ದ ಜಾಗದಲ್ಲಿ ಧೂಳೂ ಇಲ್ಲ, ಗಾಲಿಯ ಜಾಡೂ ಇಲ್ಲ ಎಂಬುದನ್ನು ಗಮನಿಸಿ 1902ರಲ್ಲಿ ಪೇಟೆಂಟ್ ಪಡೆದ.

ನಾವು ‘ಟಾರು’ ಎನ್ನುತ್ತೇವಾದರೂ ಈಗ ರಸ್ತೆಗೆ ಹಾಕುವುದು ಟಾರಲ್ಲ. ಟಾರು ಕಲ್ಲಿದ್ದಲಿನಿಂದ ಬರುವುದು. ಈಗಿನದು ಬಿಟುಮೆನ್, ಕಚ್ಚಾ ತೈಲದಿಂದ ಪೆಟ್ರೋಲು, ಡೀಸೆಲು ತೆಗೆದ ಮೇಲೆ ತಳದಲ್ಲಿ ಉಳಿಯುವ ಕಪ್ಪು ಗಷ್ಟು. ಮಂಗಳೂರಿನ ಎಂಆರ್‌ಪಿಎಲ್‌ನಲ್ಲೂ ಅದು ತಯಾರಾಗುತ್ತದೆ. ನೀರು ತಡೆಯಲು ಇದನ್ನು ಬಳಸುವ ಉಪಾಯ ಮಾತ್ರ ಬಹು ಪುರಾತನ. ಮೊಹೆಂಜೊದಾರೊದ ದೊಡ್ಡ ಸ್ನಾನಕೊಳದಿಂದ ನೀರು ಸೋರದಂತೆ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಬಿಟುಮೆನ್ ಬಳಿದಿದ್ದರು. ರಸ್ತೆಗಿಂತ ಮೊದಲು ಕೊಳಕ್ಕೆ ಬಂದ ವಸ್ತು ಇದು ಎಂಬುದನ್ನು ನೆನಪಿಟ್ಟರೆ ಡಾಂಬರಿನ ಮುಖ್ಯ ಕೆಲಸ ಏನೆಂದು ತಿಳಿಯುತ್ತದೆ. ಕಲ್ಲನ್ನು ಅಂಟಿಸುವುದು ಅರ್ಧ ಕೆಲಸ, ನೀರನ್ನು ಮೇಲೆಯೇ ತಡೆಯುವುದು ಇನ್ನರ್ಧ.

ಭಾರತದಲ್ಲಿ ಮೋಟಾರು ಹೆಚ್ಚಿದಂತೆ ರಸ್ತೆಗಳ ದುಃಸ್ಥಿತಿ ವಿಚಾರಿಸಲು 1927ರಲ್ಲಿ ಎಂ.ಆರ್. ಜಯಕರ್ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. ಅದರ ಸಲಹೆಯಂತೆ ಪೆಟ್ರೋಲಿನ ಮೇಲೆ ಗ್ಯಾಲನ್ನಿಗೆ ಎರಡಾಣೆ ಹೆಚ್ಚುವರಿ ಸುಂಕ ಹಾಕಿ 1929ರಲ್ಲಿ ಕೇಂದ್ರ ರಸ್ತೆ ನಿಧಿ ಸ್ಥಾಪಿಸಿದರು. 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹುಟ್ಟಿತು. ಇಂದಿಗೂ ರಸ್ತೆ ಹೇಗಿರಬೇಕು, ಬಿರುಕನ್ನು ಹೇಗೆ ಮುಚ್ಚಬೇಕು ಎಂಬ ನಿಯಮ ಬರೆಯುವುದು ಈ ಸಂಸ್ಥೆಯೇ.

ಹಿಮದ ನಾಡಿನ ಬಿರುಕು

ಬಿರುಕಿನ ಬಗ್ಗೆ ಅತಿ ಎಚ್ಚರ ಇರುವವರು ಚಳಿ ದೇಶಗಳ ಜನ. ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಹೋದ ಮೊದಲ ವರ್ಷವೇ ಕಲಿಯಬೇಕಾದ ಪಾಠ. ಬೀದಿಯಿಂದ ಮನೆಯ ಗ್ಯಾರೇಜಿನವರೆಗಿನ ಡಾಂಬರು ಹಾದಿ ಅಲ್ಲಿ ಮನೆಯವರದೇ ಹೊಣೆ. ಅದರಲ್ಲಿ ಬಿರುಕು ಬಿಟ್ಟು ಶರತ್ಕಾಲದ ಮಳೆನೀರು ಇಳಿದರೆ, ಚಳಿಗಾಲದಲ್ಲಿ ಆ ನೀರು ಮಂಜುಗಡ್ಡೆಯಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಶೇಕಡ 9ರಷ್ಟು ಹಿಗ್ಗುತ್ತದೆ. ಆ ಹಿಗ್ಗು ಬಿರುಕನ್ನು ಅಗಲಿಸುತ್ತದೆ, ಅಡಿಯ ಮಣ್ಣಿನಲ್ಲಿ ಗಡ್ಡೆ ಬೆಳೆದರೆ ಹಾದಿಯನ್ನೇ ಮೇಲೆತ್ತುತ್ತದೆ. ವಸಂತದಲ್ಲಿ ಕರಗಿದಾಗ ಕೆಳಗೆ ಟೊಳ್ಳು ಉಳಿದು, ಕಾರಿನ ಭಾರಕ್ಕೆ ಹಾದಿ ಕುಸಿಯುತ್ತದೆ.

ಆದ್ದರಿಂದ ಚಳಿ ಬೀಳುವ ಮುನ್ನವೇ ಜನ ಬಿರುಕಿನಲ್ಲಿ ಬೆಳೆದ ಹುಲ್ಲು ಕಿತ್ತು, ಧೂಳು ತೆಗೆದು, ಪೂರ್ತಿ ಒಣಗಲು ಬಿಟ್ಟು, ರಬ್ಬರು ಬೆರೆತ ಡಾಂಬರಿನ ಲೇಪ ತುಂಬುತ್ತಾರೆ. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿದರೆ ಲೇಪ ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಮುಹೂರ್ತ ತಪ್ಪುವಂತಿಲ್ಲ. ರಬ್ಬರು ಏಕೆಂದರೆ, ಚಳಿಗೆ ಡಾಂಬರು ಕುಗ್ಗಿ ಬಿರುಕು ಅಗಲವಾಗುತ್ತದೆ, ಬೇಸಿಗೆಗೆ ಕಿರಿದಾಗುತ್ತದೆ. ತುಂಬಿದ ವಸ್ತು ಅದರೊಂದಿಗೆ ಎಳೆದುಕೊಳ್ಳಬೇಕು, ಕುಗ್ಗಬೇಕು.

ಗುಬ್ಬಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಹಾಗಾದರೆ ಇಲ್ಲಿನ ರಸ್ತೆ ಬಿರುಕು ಬಿಡುವುದೇಕೆ?

ಮೊದಲ ಕಾರಣ ಬಿಸಿಲು. ಏಪ್ರಿಲ್‌ನ ಮಧ್ಯಾಹ್ನ ಕಪ್ಪು ರಸ್ತೆಯ ಮೈ 60 ಡಿಗ್ರಿ ಮುಟ್ಟುವುದು ಅಪರೂಪವಲ್ಲ. ಬಿಸಿಲು, ಗಾಳಿಗಳಿಗೆ ವರ್ಷಗಟ್ಟಲೆ ಒಡ್ಡಿಕೊಂಡ ಡಾಂಬರು ತನ್ನಲ್ಲಿನ ಎಣ್ಣೆಯ ಅಂಶ ಕಳೆದುಕೊಂಡು, ಆಮ್ಲಜನಕ ಹೀರಿ ಬಿರುಸಾಗುತ್ತದೆ. ಹೊಸದರಲ್ಲಿ ಬಗ್ಗುತ್ತಿದ್ದುದು ಈಗ ಸೀಳುತ್ತದೆ. ಎರಡನೆಯದು ಅಂಚು. ಕಿರಿದಾದ ಹಳ್ಳಿ ರಸ್ತೆಯಲ್ಲಿ ಎದುರು ಬಸ್ಸು ಬಂದಾಗ ಒಂದು ಚಕ್ರ ಮಣ್ಣಿಗಿಳಿಯಲೇಬೇಕು. ಮಣ್ಣು ಸವೆದು ತಗ್ಗಾದಂತೆ ಡಾಂಬರಿನ ಅಂಚಿಗೆ ಆಸರೆ ತಪ್ಪಿ, ಅಂಚಿನಿಂದ ಒಂದಡಿ ಒಳಗೆ ಉದ್ದಕ್ಕೆ ಬಿರುಕು ಓಡುತ್ತದೆ. ಮೂರನೆಯದು ಭಾರ, ಅದರ ಮಾತು ಮುಂದೆ ಬರುತ್ತದೆ.

ಬೇಸಿಗೆಯಲ್ಲಿ ಬಿಟ್ಟ ಬಿರುಕು ಬೇಸಿಗೆಯಲ್ಲಿ ಏನೂ ಮಾಡುವುದಿಲ್ಲ. ಈ ಸೀಮೆಯ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳದ್ದು. ಆ ಮಳೆ ಸಂದಿನಲ್ಲಿ ಇಳಿದು ಜಲ್ಲಿಯ ಕೆಳಗಿನ ಮಣ್ಣನ್ನು ನೆನೆಸುತ್ತದೆ. ಮೇಲೆ ಲಾರಿ ಹಾದಾಗ ಒಳಗೆ ಸಿಕ್ಕಿಬಿದ್ದ ನೀರು ಒತ್ತಡಕ್ಕೆ ಮೇಲೆ ಚಿಮ್ಮುತ್ತದೆ, ಜೊತೆಗೆ ಸಣ್ಣ ಮಣ್ಣನ್ನೂ ಹೊತ್ತು ತರುತ್ತದೆ. ಮಳೆ ನಿಂತ ಮರುದಿನ ಒಣ ರಸ್ತೆಯಲ್ಲಿ ಬಿರುಕಿನ ಎರಡೂ ಬದಿ ಕೆಂಪು ಅಥವಾ ಬಿಳಿ ಮಣ್ಣಿನ ಗೆರೆ ಕಂಡರೆ ಒಳಗಿನ ನೆಲ ಕರಗತೊಡಗಿದೆ ಎಂದೇ ಅರ್ಥ. ಮುಂದಿನ ಹಂತದಲ್ಲಿ ಬಿರುಕುಗಳು ಒಂದಕ್ಕೊಂದು ಕೂಡಿ ಮೊಸಳೆಯ ಚರ್ಮದಂತಾಗುತ್ತವೆ. ಒಂದು ಬಿಲ್ಲೆ ಎದ್ದಿತೆಂದರೆ ಗುಂಡಿ. ಹಿಮ ಮಾಡುವ ಕೆಲಸವನ್ನು ಇಲ್ಲಿ ಲಾರಿಯ ಚಕ್ರ ಮಾಡುತ್ತದೆ, ಅಷ್ಟೇ ವ್ಯತ್ಯಾಸ.

ಮುಚ್ಚುವ ಬಗೆ

ಎಂಜಿನಿಯರುಗಳು ಸಾಮಾನ್ಯವಾಗಿ ಮೂರು ಮಿಲಿಮೀಟರ್ ಅಗಲವನ್ನು ಗಡಿಯೆಂದು ಹಿಡಿಯುತ್ತಾರೆ. ಅದಕ್ಕಿಂತ ಸಣ್ಣ ಬಿರುಕಿಗೆ ತೆಳುವಾದ ಡಾಂಬರು ಎಮಲ್ಷನ್ ಸಿಂಪಡಿಸಿದರೆ ಅಥವಾ ಮೇಲೆ ಹೇಳಿದ ಬಗ್ಗಡ ಎಳೆದರೆ ಸಾಕು. ಎಮಲ್ಷನ್ ಎಂದರೆ ನೀರಿನಲ್ಲಿ ಅತಿ ಸಣ್ಣ ಹನಿಗಳಾಗಿ ಕದಡಿದ ಡಾಂಬರು. ಹಾಲಿನಲ್ಲಿ ಬೆಣ್ಣೆಯ ಅಂಶ ಇರುವಂತೆ. ಕಾಯಿಸದೆ ಸುರಿಯಬಹುದು, ನೀರು ಆರಿ ಡಾಂಬರು ಉಳಿಯುತ್ತದೆ. ಅಗಲವಾದ ಬಿರುಕಿಗೆ ಒಳಗಿನ ಕಸ ತೆಗೆದು, ಡಾಂಬರು ಸುರಿದು, ಮೇಲೆ ಕಲ್ಲುಪುಡಿ ಎರಚಬೇಕು. ಚಕ್ರಕ್ಕೆ ಡಾಂಬರು ಮೆತ್ತದಿರಲಿ ಎಂದು ಈ ಪುಡಿ. ಮೊಸಳೆ ಚರ್ಮದ ಹಂತ ಮುಟ್ಟಿದ್ದರೆ ಮೇಲೆ ಬಳಿದು ಫಲವಿಲ್ಲ. ಕೆಟ್ಟ ಭಾಗವನ್ನು ಚೌಕಾಕಾರವಾಗಿ, ಅಂಚು ನೆಟ್ಟಗಿರುವಂತೆ ಕತ್ತರಿಸಿ, ನೆಂದ ಮಣ್ಣು ತೆಗೆದು, ತಳದಿಂದ ಜಲ್ಲಿ ತುಂಬಿ, ಕುಟ್ಟಿ, ಬದಿಗೆಲ್ಲ ಡಾಂಬರು ಸವರಿ ಮೇಲ್ಪದರ ಹಾಕಬೇಕು. ಗುಂಡಿಗೆ ಬಾಂಡಲಿಯಲ್ಲಿ ತಂದ ಡಾಂಬರು ಜಲ್ಲಿ ಸುರಿದು ಸಲಿಕೆಯಲ್ಲಿ ತಟ್ಟಿ ಹೋಗುವುದಕ್ಕೆ ಜನ ‘ತೇಪೆ’ ಎಂಬ ಹೆಸರಿಟ್ಟಿರುವುದು ಸರಿಯಾಗಿಯೇ ಇದೆ. ಹಳೆಯ ಬಟ್ಟೆಗೆ ಹಾಕಿದ ತೇಪೆ ಪಕ್ಕದ ನೂಲನ್ನೂ ಹರಿಯುವಂತೆ, ನೆಂದ ಗುಂಡಿಗೆ ಹಾಕಿದ ತೇಪೆಯ ಸುತ್ತ ಹೊಸ ಬಿರುಕೇ ಏಳುತ್ತದೆ.

ಒಂದು ಕಾಲಕ್ಕೆ ಈ ಸಣ್ಣ ಕೆಲಸಗಳಿಗೆಂದೇ ಜನರಿದ್ದರು. ಲೋಕೋಪಯೋಗಿ ಇಲಾಖೆಯ ರಸ್ತೆ ಗ್ಯಾಂಗುಗಳಿಗೆ ಇಂತಿಷ್ಟು ಮೈಲಿ ಎಂದು ಹಂಚಿಕೆ. ಗ್ಯಾಂಗಿನವರು ಗುದ್ದಲಿ, ಬಾಂಡಲಿ ಹಿಡಿದು ತಮ್ಮ ಮೈಲಿಯಲ್ಲಿ ನಡೆಯುತ್ತಿದ್ದರು. ಚರಂಡಿಯ ಹೂಳು ತೆಗೆಯುವುದು, ಮೋರಿಯ ಬಾಯಿ ಬಿಡಿಸುವುದು, ಅಂಚಿಗೆ ಗರಸು ತುಂಬುವುದು, ಬಿರುಕು ಕಂಡಲ್ಲಿ ಸೌದೆ ಒಲೆಯ ಮೇಲೆ ಡಾಂಬರು ಕಾಯಿಸಿ ಸುರಿಯುವುದು ಅವರ ಕೆಲಸ. ರಸ್ತೆಯನ್ನು ದಿನವೂ ಕಾಲ್ನಡಿಗೆಯಲ್ಲಿ ನೋಡುವವನಿಗೆ ಬಿರುಕು ಕಾಣುತ್ತದೆ, ಜೀಪಿನಲ್ಲಿ ಹೋಗುವವನಿಗೆ ಗುಂಡಿ ಮಾತ್ರ ಕಾಣುತ್ತದೆ. ಕಾಲಕ್ರಮದಲ್ಲಿ ಗ್ಯಾಂಗುಗಳು ಕರಗಿದವು, ನಿರ್ವಹಣೆ ಗುತ್ತಿಗೆಗೆ ಹೋಯಿತು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನೋಡಿಕೊಳ್ಳಬೇಕೆಂಬ ಷರತ್ತು ಸೇರಿದ್ದು ಒಳ್ಳೆಯ ಹೆಜ್ಜೆ. ತೊಡಕು ಏನೆಂದರೆ ಡಾಂಬರಿಗೆ ವಯಸ್ಸಾಗಿ ಬಿರುಕು ಹೆಚ್ಚುವುದು ಆ ಐದು ವರ್ಷಗಳ ನಂತರವೇ.

ಅದಿರಿನ ಲಾರಿಗಳ ಕಾಲ

ಭಾರ ಹೆಚ್ಚಿದಂತೆ ರಸ್ತೆ ಎಷ್ಟು ಕೆಡುತ್ತದೆ ಎಂಬುದನ್ನು ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವಾ ಎಂಬಲ್ಲಿ 1958ರಿಂದ 1960ರವರೆಗೆ ಪರೀಕ್ಷಿಸಿ ನೋಡಿದರು. ಪರೀಕ್ಷೆಗೆಂದೇ ರಸ್ತೆ ಮಾಡಿ, ಅದರ ಮೇಲೆ ಲಾರಿಗಳನ್ನು ಹಗಲೂ ರಾತ್ರಿ ಓಡಿಸಿದ್ದರು. ಅಲ್ಲಿಂದ ಹೊರಟ ಲೆಕ್ಕ ಬೆರಗು ಹುಟ್ಟಿಸುವಂಥದು. ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗೆ ಆಗುವ ಹಾನಿ ಇಮ್ಮಡಿಯಲ್ಲ, ಸುಮಾರು ಹದಿನಾರು ಪಟ್ಟು. ಹತ್ತು ಟನ್ ಹೊತ್ತ ಲಾರಿ ಅಚ್ಚೊಂದು ಒಮ್ಮೆ ಹಾದರೆ, ಒಂದು ಟನ್ನಿನ ಕಾರಿನ ಅಚ್ಚು ಹತ್ತು ಸಾವಿರ ಸಲ ಹಾದಂತೆ.

ಗುಬ್ಬಿ, ಚಿಕ್ಕನಾಯಕನಹಳ್ಳಿ, ತಿಪಟೂರು ಸೀಮೆಗೆ ಈ ಲೆಕ್ಕ ಕಾಗದದ ಮೇಲಿನದಲ್ಲ. 2000ದ ನಂತರದ ದಶಕದಲ್ಲಿ ಕಬ್ಬಿಣದ ಅದಿರಿಗೆ ಬೆಲೆ ಏರಿದಾಗ ಇಲ್ಲಿನ ರಸ್ತೆಗಳ ಮೇಲೆ ಅದಿರಿನ ಲಾರಿಗಳು ಸಾಲುಗಟ್ಟಿದವು. ಅತಿಭಾರದ ಸಾಗಣೆಯ ವಿಚಾರವನ್ನು ಲೋಕಾಯುಕ್ತರ ಗಣಿ ವರದಿಯೂ ಎತ್ತಿತು. ಎತ್ತಿನ ಗಾಡಿ ಮತ್ತು ದಿನಕ್ಕೆ ನಾಲ್ಕಾರು ಬಸ್ಸುಗಳಿಗೆಂದು ಮಾಡಿದ್ದ ರಸ್ತೆಗಳು ಮೊದಲು ಬಿರುಕಾಗಿ, ಬಳಿಕ ಗುಂಡಿಯಾಗಿ, ಕೊನೆಗೆ ಕೆಂಪು ಧೂಳಾದವು. ಡಾಂಬರು ಹುಟ್ಟಿದ್ದೇ ಧೂಳು ಅಡಗಿಸಲು. ನೂರು ವರ್ಷದ ಮೇಲೆ ರಸ್ತೆ ಬದಿಯ ತೆಂಗಿನ ಗರಿಗಳ ಮೇಲೆ ಅದೇ ಧೂಳು ಮರಳಿ ಕೂತಿತ್ತು. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲಿ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಗಳ ಸಾಲೂ ನಿಂತಿತು. ಆ ಹೊತ್ತಿಗೆ ಬಿರುಕು ಮುಚ್ಚುವ ಹಂತ ದಾಟಿದ್ದ ರಸ್ತೆಗಳನ್ನು ಬುಡದಿಂದಲೇ ಮಾಡಬೇಕಾಯಿತು.

ರಸ್ತೆ ಹೊಸದಾಗಿ ಮಾಡುವುದಕ್ಕೆ ಶಂಕುಸ್ಥಾಪನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಬಿರುಕಿಗೆ ಡಾಂಬರು ಸುರಿದುದಕ್ಕೆ ಹಾರ ಹಾಕಿಸಿಕೊಂಡವರನ್ನು ಈ ಜಿಲ್ಲೆ ಇನ್ನೂ ಕಂಡಂತಿಲ್ಲ. ಅನುದಾನ ಹಂಚುವಾಗ ನಿರ್ವಹಣೆಯ ಸರದಿ ಕೊನೆಯದಾಗುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಅದರ ಬೆಲೆ ತೆರುವವನು ಮಳೆಗಾಲದ ರಾತ್ರಿ ನೀರು ತುಂಬಿದ ಗುಂಡಿಯ ಆಳ ತಿಳಿಯದೆ ಬೈಕ್ ಇಳಿಸುವ ಹಳ್ಳಿಯ ಹುಡುಗ.

ಹೊಲದ ಕಣವಂತೂ ಮರಳಿ ಬರುವ ಲಕ್ಷಣವಿಲ್ಲ. ಮನೆಯಲ್ಲಿ ಎತ್ತಿಲ್ಲ, ಸಗಣಿಯೂ ಅಷ್ಟಿಲ್ಲ, ಕಣಕ್ಕೆ ಬಿಡುತ್ತಿದ್ದ ಜಾಗದಲ್ಲಿ ಅಡಿಕೆ ಸಸಿ ಎದ್ದಿದೆ. ಸಿಮೆಂಟಿನ ಕಣ ಕಟ್ಟಿಕೊಳ್ಳಲು ಉದ್ಯೋಗ ಖಾತ್ರಿ ಯೋಜನೆಯಲ್ಲಿ ಅವಕಾಶ ಒದಗಿದ್ದರೂ ಎಲ್ಲರಿಗೂ ಅದು ಸಿಕ್ಕಿಲ್ಲ. ಹೀಗಾಗಿ ಜನವರಿಯ ಬೆಳಗಿನಲ್ಲಿ ರಸ್ತೆ ಮತ್ತೆ ಕಣವಾಗುತ್ತದೆ. ರಾಗಿ ಹರವುವ ಮುನ್ನ ಹೆಂಗಸರು ಬಾಗಿ, ಕಡ್ಡಿ ಪೊರಕೆಯ ತುದಿಯಿಂದ ಬಿರುಕಿನೊಳಗಿನ ಮಣ್ಣು, ಹರಳು, ಗರಿಕೆಯ ಬೇರು ಕೆದಕಿ ತೆಗೆಯುತ್ತಾರೆ. ಕಾಳಿಗೆ ಕಲ್ಲು ಸೇರಬಾರದು ಎಂದು. ಬಿರುಕು ಮುಚ್ಚುವ ನಿಯಮಾವಳಿಯಲ್ಲೂ ಮೊದಲು ಬರುವುದು ಈ ಕೆಲಸವೇ. ಅದರ ಮುಂದಿನ ಕೆಲಸಕ್ಕೆ ಡಬ್ಬದಲ್ಲಿ ಡಾಂಬರು ಹಿಡಿದು ಬರುತ್ತಿದ್ದ ಗ್ಯಾಂಗಿನವರು ಈಗ ಆ ದಾರಿಯಲ್ಲಿ ಕಾಣುವುದಿಲ್ಲ.